ತಿರುಗುಮಾತಿನ ಆಳು

ಜೂರಕಾನ್ ಮುದುಕಿ ದಿನಕ್ಕೆ ಐದು ಸಲ ನಮಾಜು ಮಾಡುತ್ತಿದ್ದಳು, ಐವತ್ತು ಸಲ ಸುಳ್ಳು ಹೇಳುತ್ತಿದ್ದಳು. ನಮಾಜು ದೇವರಿಗೆ, ಸುಳ್ಳು ಮನೆಯ ಆಳಿಗೆ. ಬೆಳಗಿನ ನಮಾಜು ಮುಗಿಸಿ ಎರಡೂ ಅಂಗೈಯನ್ನು ಮುಖಕ್ಕೆ ಸವರಿಕೊಂಡು, ಗುಡಾರದ ಬಾಗಿಲ ಕಂಬಳಿ ಎತ್ತಿ, ಹೊರಗೆ ಕುಕ್ಕರಗಾಲಲ್ಲಿ ಕೂತವಳಿಗೆ, "ಒಲೆ ಹಚ್ಚಬೇಡ ಕಣೇ, ನೀರು ತರಬೇಡ, ಕುದುರೆಗಳ ಹತ್ತಿರ ಸುಳೀಲೂ ಬೇಡ" ಎನ್ನುವಳು. ಕೂತವಳು ಎದ್ದು ಒಲೆ ಹಚ್ಚುವಳು, ಹೊಳೆಯಿಂದ ನೀರು ತರುವಳು, ಮರಿಹಾಕಿದ ಕುದುರೆಗಳನ್ನು ಹಿಡಿದು ತಂದು ಹಾಲು ಕರೆಯಲು ನಿಲ್ಲಿಸುವಳು. ಕುದುರೆಗಳು ಅವಳ ವಾಸನೆಗೆ ನಡುಗುತ್ತಿದ್ದವು, ಆದರೆ ಹಾಲು ಕೊಡುತ್ತಿದ್ದವು.

ಆಳು ಮನುಷ್ಯಳಾಗಿರಲಿಲ್ಲ, ಅಲ್ಬಾರ್ಸ್ತಿ. ಹೆರಿಗೆಯ ಮನೆ ಹುಡುಕಿಕೊಂಡು ಬರುವ ಜಾತಿ ಅದು. ನೋವು ತಿನ್ನುವ ಹೆಣ್ಣಿನ ಎದೆಗೆ ಕೈಹಾಕಿ ಉಸಿರ ಚೀಲವನ್ನು ಕದ್ದು ಓಡುತ್ತದೆ. ಅದನ್ನು ಹರಿಯುವ ನೀರಿನಲ್ಲಿ ಅದ್ದಿತೋ, ತಾಯಿಯೂ ಇಲ್ಲ, ಮಗುವೂ ಇಲ್ಲ. ಏಳು ವಸಂತಗಳ ಹಿಂದೆ ಜೂರಕಾನಳ ಬಿಳಿ ಕುದುರೆ ದಿನಾ ಬೆಳಗ್ಗೆ ಬೆವರಿ ನಿಂತಿರುತ್ತಿತ್ತು, ಅದರ ಕೇಸರದಲ್ಲಿ ಯಾರೋ ಸಣ್ಣ ಸಣ್ಣ ಜಡೆ ಹೆಣೆದಿರುತ್ತಿದ್ದರು. ಮುದುಕಿಗೆ ಅರ್ಥವಾಯಿತು. ದೇವದಾರುವಿನ ಅಂಟು ಕಾಸಿ ಕುದುರೆಯ ಬೆನ್ನಿಗೆ ಬಳಿದಳು. ಮಾರನೆಯ ಬೆಳಗು ನೋಡಿದರೆ, ಹಿಮ್ಮಡಿಯವರೆಗೆ ಹಳದಿ ಕೂದಲು ಬಿಟ್ಟ ಒಬ್ಬಳು ಕುದುರೆಯ ಮೇಲೆ ಅಂಟಿಕೊಂಡು ಕೂತಿದ್ದಾಳೆ, ಇಳಿಯಲಾರದೆ ಹಲ್ಲು ಕಡಿಯುತ್ತಿದ್ದಾಳೆ. ಜೂರಕಾನ್ ಬಿಸ್ಮಿಲ್ಲಾ ಎಂದು ತನ್ನ ಹೊಲಿಗೆಯ ಸೂಜಿಯನ್ನು ಅವಳ ಅಂಗಿಯ ಕೊರಳಪಟ್ಟಿಯ ಹಿಂಬದಿಗೆ ಚುಚ್ಚಿ ಬಿಟ್ಟಳು.

ಸೂಜಿ ಚುಚ್ಚಿಸಿಕೊಂಡ ಅಲ್ಬಾರ್ಸ್ತಿ ಚುಚ್ಚಿದವರ ಆಳು. ಚುಚ್ಚಿದ ಕೈಯೇ ಅದನ್ನು ಕೀಳಬೇಕು, ಬೇರೆ ಕೈಗೆ ಅದು ಬರುವುದಿಲ್ಲ. ಕಿತ್ತ ದಿನ ಅವಳು ಮೊದಲು ಕದಿಯುವುದು ಕಿತ್ತವರ ಉಸಿರನ್ನೇ ಎಂದು ಆ ಕಡೆಯ ಮಂತ್ರವಾದಿಗಳೆಲ್ಲ ಹೇಳುತ್ತಿದ್ದರು. ಇನ್ನೊಂದು ಕಟ್ಟೂ ಇತ್ತು. ಏನು ಹೇಳಿದರೂ ಅವಳು ಅದರ ತಿರುಗುಮುರುಗನ್ನೇ ಮಾಡಬೇಕು. ಅವಳ ಹಟವಲ್ಲ ಅದು, ಸೂಜಿಯ ಗುಣ. ಅದಕ್ಕೇ ಅವಳಿಗೆ ತೆರ್ಸ್ ಎಂದು ಹೆಸರಾಯಿತು, ಅಂದರೆ ತಲೆಕೆಳಗಾದವಳು. ತೆರ್ಸ್ ತಾನು ಆಡುವ ಮಾತು ಮಾತ್ರ ಎಲ್ಲರಂತೆ ನೇರವಾಗಿಯೇ ಇರುತ್ತಿತ್ತು.

ಮನೆಮಂದಿಗೆ ಇದು ರೂಢಿಯಾಗಲು ಒಂದು ವರ್ಷ ಹಿಡಿಯಿತು. ಜೂರಕಾನಳ ಮೈದುನ ಬಯ್ಸಾಲ್ ಬಂದ ದಿನ ಕುದುರೆಯಿಂದ ಇಳಿದು, "ಲಗಾಮು ಹಿಡ್ಕೋ ತಾಯಿ" ಎಂದು ಮರ್ಯಾದೆಯಿಂದಲೇ ಹೇಳಿದ. ತೆರ್ಸ್ ಲಗಾಮು ಬಿಟ್ಟು ಕುದುರೆಯ ಹಿಂಗಾಲಿಗೆ ಒಂದು ಬಾರಿಸಿದಳು. ಜೂರಕಾನ್ ಹಿಂದೆಯೇ ಓಡಿಬಂದು, "ಓಡಿಸು, ಇನ್ನೂ ಓಡಿಸು" ಎಂದು ತಿರುಗಿಸಿ ಕೂಗಿದರೂ ಕೇಳಲಿಲ್ಲ. ಒಂದು ಮಾತು ಕಿವಿಗೆ ಬಿದ್ದರೆ ಅದು ಮುಗಿಯುವವರೆಗೆ ಎರಡನೆಯದು ಅವಳ ಕಿವಿಗೆ ಇಳಿಯುವುದಿಲ್ಲ ಎಂದು ಎಲ್ಲರಿಗೂ ತಿಳಿದದ್ದು ಅವತ್ತೇ. ಕುದುರೆ ಮೂರನೆಯ ದಿನ ಎರಡು ಕಣಿವೆ ದಾಟಿ ಸಿಕ್ಕಿತು. ಅಂದಿನಿಂದ ಬಯ್ಸಾಲ್ ಆ ಮನೆಗೆ ಬಂದರೆ ಮೊದಲು ಅತ್ತಿಗೆಯನ್ನು ಕೇಳುತ್ತಿದ್ದ: "ಊಟ ಆಯ್ತು ಅನ್ನಬೇಕೋ, ಹಸಿವು ಅನ್ನಬೇಕೋ? ನಿಮ್ಮನೇಲಿ ಯಾವುದಕ್ಕೆ ಅನ್ನ ಹಾಕ್ತಾರೆ?"

ನಗೆ ಸರಿ. ಆದರೆ ಜೂರಕಾನಳಿಗೆ ಒಳಗೊಂದು ಮುಳ್ಳಿತ್ತು. ತೆರ್ಸ್‌ಳ ಕೆಲಸ ಚೊಕ್ಕ. ಉಣ್ಣೆ ಬಡಿದು ಕಂಬಳಿ ಮಾಡುವಾಗ ಮೂವರ ಕೆಲಸ ಒಬ್ಬಳೇ ಮಾಡುತ್ತಿದ್ದಳು. ಆದರೆ ಭೇಷ್ ಎಂದರೆ ನಾಳೆ ಹಾಳು ಮಾಡಬೇಕಾಗುತ್ತದಲ್ಲ, ಅದಕ್ಕೆ "ಥೂ, ಇದೂ ಒಂದು ಕೆಲಸವೇ" ಎಂದೇ ಹೇಳಬೇಕಿತ್ತು. ಆ ಸೀಮೆಯಲ್ಲಿ ಹಿರಿಯರ ಬಾಯಲ್ಲಿ ಒಂದು ಮಾತು ಸದಾ ಇರುತ್ತದೆ: ಅಯ್ಲನಾಯಿನ್. ನಿನ್ನ ಸುತ್ತ ಸುತ್ತಿ ಬಂದೇನು, ನಿನ್ನ ಕೇಡು ನನಗೆ ತಗಲಲಿ ಎಂದು ಅದರ ಅರ್ಥ. ಮೊಮ್ಮಗುವಿಗೆ ಹೇಳುತ್ತಾರೆ, ಕುಂಟುವ ಕುರಿಮರಿಗೆ ಹೇಳುತ್ತಾರೆ, ನೀರು ಕೇಳಿದ ದಾರಿಹೋಕನಿಗೂ ಹೇಳುತ್ತಾರೆ. ಏಳು ವರ್ಷ ತನ್ನ ಒಲೆ ಹಚ್ಚಿದವಳಿಗೆ ಮಾತ್ರ ಜೂರಕಾನ್ ಅದನ್ನು ಹೇಳಿರಲಿಲ್ಲ. ರಾತ್ರಿಯ ನಮಾಜಿನ ಕೊನೆಗೆ, "ದೇವರೇ, ನೀನು ಕೊಟ್ಟ ನಾಲಿಗೆಯನ್ನು ಒಳಗುಹೊರಗು ಮಾಡಿಕೊಂಡಿದ್ದೇನೆ, ಮನ್ನಿಸು" ಎಂದು ಕೇಳಿಕೊಳ್ಳುವಳು. ಆಮೇಲೆ ಇನ್ನೊಂದನ್ನು ಕೇಳುವಳು.

ಆ ಇನ್ನೊಂದು, ಸೊಸೆಯ ಹೊಟ್ಟೆಯದು. ಮಗ ಎಷಿಮನ ಹೆಂಡತಿ ಸೈಕಾಲ್ ಎರಡು ಸಲ ಹೆತ್ತು ಎರಡನ್ನೂ ಮಣ್ಣಿಗೆ ಕೊಟ್ಟಿದ್ದಳು. ಒಂದು ಹುಟ್ಟುವಾಗಲೇ ತಣ್ಣಗಿತ್ತು, ಇನ್ನೊಂದು ಮೂರು ದಿನ ಇತ್ತು. ಎರಡನೆಯದರಲ್ಲಿ ಅವಳೂ ಸಾವಿನ ಬಾಗಿಲಿಗೆ ಹೋಗಿ ಬಂದಳು. ಈಗ ಮೂರನೆಯದು ಎಂಟು ತಿಂಗಳು ತುಂಬಿತ್ತು. ಇದೂ ಹೀಗಾದರೆ ಸೈಕಾಲ್ ಏಳುವುದಿಲ್ಲ ಎಂದು ಊರ ಹೆಂಗಸರು ಪಿಸುಗುಟ್ಟುತ್ತಿದ್ದುದು ಜೂರಕಾನಳ ಕಿವಿಗೂ ಬಿದ್ದಿತ್ತು.

"ಎನೆ, ಅವಳು ನನ್ನ ಹೊಟ್ಟೇನೇ ನೋಡ್ತಾಳೆ" ಎಂದು ಸೈಕಾಲ್ ಒಂದು ದಿನ ಅತ್ತೆಗೆ ಹೇಳಿದಳು. ಅತ್ತೆಗೆ ಅಲ್ಲಿ ಎನೆ ಎನ್ನುತ್ತಾರೆ.

ಸಗಣಿ ಬೆರಣಿ ಜೋಡಿಸುತ್ತಿದ್ದ ತೆರ್ಸ್ ತಲೆಯೆತ್ತದೆ, "ನೋಡ್ತೀನಿ" ಎಂದಳು. "ಏಳು ವರ್ಷದಿಂದ ಹಸಿದಿದ್ದೀನಿ. ಹಸಿದವರು ಬೇರೆಯವರ ತಟ್ಟೆ ನೋಡ್ತಾರೆ. ಕೈ ಹಾಕಿಲ್ಲವಲ್ಲ."

ಹಿಮ ಕರಗಿ ಹುಲ್ಲು ಮೊಳೆತಾಗ ಬೆಟ್ಟದ ಮೇಲಿನ ಬೇಸಿಗೆ ಹುಲ್ಲುಗಾವಲಿಗೆ ಗುಡಾರ ಎತ್ತಿದರು. ಎಷಿಮ್ ಕುರಿಮಂದೆಯೊಂದಿಗೆ ಒಂದು ದಿನ ಮುಂದೆ ಹೋಗಿದ್ದ. ಹಿಂದೆ ಸಾಮಾನು ಹೊತ್ತ ಒಂಟೆಗಳ ಜೊತೆ ಜೂರಕಾನ್, ಸೈಕಾಲ್, ಬಯ್ಸಾಲ್, ಅವನ ಹೆಂಡತಿ, ತೆರ್ಸ್. ಎರಡನೆಯ ದಿನ ನಡುಮಧ್ಯಾಹ್ನ, ಹೊಳೆಯ ದಡದಲ್ಲಿ ಕುದುರೆಗಳಿಗೆ ನೀರು ಕುಡಿಸುತ್ತಿದ್ದಾಗ ಸೈಕಾಲ್ ಜೀನಿನ ಮೇಲೆಯೇ ಮಡಚಿಕೊಂಡಳು. ತಿಂಗಳು ಮುಂಚೆಯೇ ನೋವು ಬಂದಿತ್ತು.

ಕೈಗೆ ಸಿಕ್ಕಿದ ಕಂಬಳಿಗಳಿಂದ ಸಣ್ಣ ಗುಡಾರ ನಿಲ್ಲಿಸಿದರು. ನಡುವೆ ಒಂದು ಗಳು ಹೂಳಿ ಸೈಕಾಲಳನ್ನು ಮಂಡಿಯೂರಿ ಅದನ್ನು ಅಪ್ಪಿಕೊಳ್ಳುವಂತೆ ಕೂರಿಸಿದರು. ಹಾಗೆ ಹೆರುವುದೇ ಅಲ್ಲಿಯ ಪದ್ಧತಿ. ಜೂರಕಾನ್ ಮೊದಲು ಮಾಡಿದ ಕೆಲಸವೆಂದರೆ ತೆರ್ಸ್ ಬಳಿ ಹೋಗಿ, ನಾಲಿಗೆಯನ್ನು ಎಚ್ಚರದಿಂದ ತಿರುಗಿಸಿ, ಗುಡಾರದೊಳಗೆ ಬಂದು ಸೈಕಾಲಳ ಮಗ್ಗುಲಲ್ಲೇ ಕೂತಿರು ಎಂದು ಹೇಳಿದ್ದು. ತೆರ್ಸ್ ಎದ್ದು ದೂರ ಹೋಗಿ ಹೊಳೆಯಂಚಿನ ಬಂಡೆಯ ಮೇಲೆ ಕೂತಳು. ಅಲ್ಲಿಗೆ ಆ ಮಾತು ಮುಗಿಯಿತು. ಬಯ್ಸಾಲ್ ಹೊರಗೆ ನಿಂತು ಚಾವಟಿಯಿಂದ ಗುಡಾರದ ಗೋಡೆ ಹೊಡೆಯುತ್ತ, ಬರುವ ಕೇಡಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದ. ಹೆರಿಗೆಯ ಹೊತ್ತಿಗೆ ಗಂಡಸರ ಪಾಲಿನ ಕೆಲಸ ಅದು.

ಒಂದು ಜಾವ ಕಳೆಯಿತು. ಸೈಕಾಲಳ ಕೂಗು ಇದ್ದಕ್ಕಿದ್ದಂತೆ ನಿಂತಿತು. ತುಟಿ ನೀಲಿಯಾಯಿತು. ಬಾಯಿ ತೆರೆದೇ ಇತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ಬಯ್ಸಾಲನ ಹೆಂಡತಿ ಅವಳ ಬೆನ್ನು ಗುದ್ದಿದಳು, ಮುಖಕ್ಕೆ ನೀರು ಚಿಮುಕಿಸಿದಳು. ಜೂರಕಾನ್ ಏನನ್ನೂ ಮಾಡದೆ ಬಾಗಿಲಿಗೆ ಓಡಿದಳು. ಏಳು ವರ್ಷ ಅಲ್ಬಾರ್ಸ್ತಿಯೊಂದಿಗೆ ಬಾಳಿದ ಕಣ್ಣಿಗೆ ಬೇರೆಯವರಿಗೆ ಕಾಣದ್ದು ಕಂಡಿತು. ಗುಡಾರದ ಹಿಂದಿನ ಕಂಬಳಿಯಡಿಯಿಂದ ನುಸುಳಿ ಕಪ್ಪು ಕೂದಲಿನ ಒಬ್ಬಳು ಹೊಳೆಯ ಕಡೆ ಹೋಗುತ್ತಿದ್ದಳು. ಅವಳ ಅಂಗೈ ಮೇಲೆ ತೆಳು ನಸುಗೆಂಪಿನ ಒಂದು ಚೀಲ ಉಬ್ಬುತ್ತ ಇಳಿಯುತ್ತ ಇತ್ತು.

ಬಂಡೆಯ ಮೇಲಿಂದ ತೆರ್ಸ್, "ನನ್ನ ಅಕ್ಕ" ಎಂದಳು. "ಕರಿಯವಳು. ಅವಳು ಹಿಡಿದಿದ್ದನ್ನ ಬಿಟ್ಟವಳಲ್ಲ."

ಕರಿಯವಳಿಗೂ ನೀರಿಗೂ ನಡುವೆ ದಟ್ಟ ಮುಳ್ಳುಪೊದೆಯ ಸಾಲಿತ್ತು. ಸುತ್ತಿ ಹೋಗಬೇಕಾದರೆ ಸ್ವಲ್ಪ ಹೊತ್ತು ಬೇಕು. ಆ ಹೊತ್ತಿನಲ್ಲಿ ಏನಾದರೂ ಆಗಬಹುದಿತ್ತು. ಆದರೆ ಎದೆ ಒಡೆದವರ ಬಾಯಲ್ಲಿ ರೂಢಿ ನಿಲ್ಲುವುದಿಲ್ಲ. ಹೆತ್ತ ಮಗಳಿಗಾಗಿ ಕೂಗುವಂತೆ ಜೂರಕಾನ್ ಕೂಗಿಬಿಟ್ಟಳು:

"ಅವಳನ್ನ ತಡಿಯೇ! ನೀರಿಗೆ ಬಿಡಬೇಡ."

ಏಳು ವರ್ಷದಲ್ಲಿ ಮೊದಲ ನೇರ ಮಾತು. ತೆರ್ಸ್ ಒಂದು ಸಲ ಕಣ್ಣು ಮುಚ್ಚಿ ತೆರೆದಳು. ಆಮೇಲೆ ಬಂಡೆಯಿಂದ ಇಳಿದು, ಎರಡೂ ಕೈಯಿಂದ ಮುಳ್ಳುಪೊದೆಯನ್ನು ಬಗೆದು ಅಕ್ಕನಿಗೆ ದಾರಿ ಮಾಡತೊಡಗಿದಳು. ಅವಳ ಕೈಯೆಲ್ಲ ಗೀರಿ ರಕ್ತ ಬಂತು, ಅವಳು ನಿಲ್ಲಲಿಲ್ಲ. ನಿಲ್ಲಲು ಅವಳಿಂದ ಆಗುತ್ತಿರಲಿಲ್ಲ.

ಬಯ್ಸಾಲನಿಗೆ ಕಂಡದ್ದು ಪೊದೆ ಬಗೆಯುವ ತೆರ್ಸ್ ಒಬ್ಬಳೇ. ಅಷ್ಟು ಸಾಕಾಯಿತು. "ಅತ್ತಿಗೆ, ತಿರುಗಿಸಿ ಹೇಳು, ತಿರುಗಿಸಿ ಹೇಳು" ಎಂದ.

"ಹೇಳ್ತಾನೇ ಇದ್ದೀನಿ ಕಣಪ್ಪ. ಕಿವಿಗೆ ಹೋಗ್ತಿಲ್ಲ."

ಕರಿಯವಳು ನಿಂತು ಈ ತಮಾಷೆ ನೋಡಿ ನಗುತ್ತಿದ್ದಳು. ಅವಳಿಗೆ ಅವಸರವಿರಲಿಲ್ಲ. ತೆರ್ಸ್ ಪೊದೆಯಲ್ಲಿ ದಾರಿ ಮಾಡಿ ಮುಗಿಸಿ ನೀರಿಗಿಳಿದು, ಆಳ ಎಲ್ಲಿದೆ ಎಂದು ಕಾಲಿನಿಂದ ತಡವುತ್ತಿದ್ದಳು.

ಜೂರಕಾನ್ ಓಡಿದಳು. ಅರವತ್ತೆಂಟು ವರ್ಷದ ಕಾಲು, ಆದರೂ ಓಡಿದಳು. ಹಿಮ ಕರಗಿದ ನೀರು ಮಂಡಿಯನ್ನು ಕತ್ತರಿಸಿತು. ಹಿಂದಿನಿಂದ ಹೋಗಿ ತೆರ್ಸ್‌ಳ ಕೊರಳಪಟ್ಟಿ ಹಿಡಿದು ಜೋತುಬಿದ್ದಳು. ಬೆರಳಿಗೆ ಸೂಜಿ ಸಿಕ್ಕಿತು. ಕಿತ್ತರೆ ಮೊದಲು ಹೋಗುವುದು ನನ್ನ ಉಸಿರು ಎಂದು ಅವಳಿಗೆ ನೆನಪಿತ್ತು. ಆದರೆ ಅದಕ್ಕಿಂತ ಸ್ಪಷ್ಟವಾಗಿ ಇನ್ನೊಂದು ಹೊಳೆಯಿತು. ಈ ಸೂಜಿ ಇಲ್ಲಿರುವಷ್ಟು ಕಾಲ ತನ್ನ ಬಾಯಿಂದ ಹೊರಟ ಯಾವ ನಿಜವೂ ಇವಳನ್ನು ನಿಜವಾಗಿ ಮುಟ್ಟಲಾರದು. ಬೇಡಿಕೊಳ್ಳುವುದಕ್ಕೂ ಎದುರಿಗೊಬ್ಬರು ಕಟ್ಟಿಲ್ಲದೆ ನಿಂತಿರಬೇಕು. ಕಟ್ಟಿಹಾಕಿದವರ ಮುಂದೆ ಬೇಡಲು ಬರುವುದಿಲ್ಲ.

ಬಿಸ್ಮಿಲ್ಲಾ ಎಂದು ಚುಚ್ಚಿದ್ದನ್ನು ಬಿಸ್ಮಿಲ್ಲಾ ಎಂದೇ ಕಿತ್ತಳು.

ತೆರ್ಸ್‌ಳ ಕಾಲು ನೀರಿನಲ್ಲಿ ನಿಂತಿತು. ಅವಳು ತಿರುಗಿದಳು. ಕಣ್ಣು ಏಳು ವರ್ಷದ ಹಿಂದೆ ಕುದುರೆಯ ಮೇಲೆ ಇದ್ದ ಕಣ್ಣೇ. ಅವಳ ಉಗುರು ಮುದುಕಿಯ ಎದೆಯ ಮೇಲೆ ಬಂದು ಕೂತಿತು. ಪೊದೆಯಾಚೆಯಿಂದ ನೋಡುತ್ತಿದ್ದ ಕರಿಯವಳಿಗೆ, ಮಾಲಕಿ ಆಳನ್ನು ಹೊಡೆಯುತ್ತಿದ್ದಾಳೆ, ಆಳು ಕೊಸರುತ್ತಿದ್ದಾಳೆ ಎಂದಷ್ಟೇ ಕಂಡಿರಬೇಕು.

"ಹೇಳು ಈಗ" ಎಂದಳು ತೆರ್ಸ್, ಪಿಸುಮಾತಿನಲ್ಲಿ. "ಬೇಗ ಹೇಳು."

ಜೂರಕಾನ್ ಪಿಸುಮಾತಿನಲ್ಲೇ ಹೇಳಿದಳು. "ನಿನ್ನನ್ನ ಏಳು ವರ್ಷ ಹಿಡಿದಿಟ್ಟೆ. ಅದು ನನ್ನದು, ಅದಕ್ಕೆ ನನ್ನ ಉಸಿರು ತಗೋ, ಜಗಳ ಇಲ್ಲ. ಸೈಕಾಲಳದ್ದು ಅವಳಿಗೆ ವಾಪಸ್ ತಂದುಕೊಡು. ಇದು ಅಪ್ಪಣೆ ಅಲ್ಲ. ಕೇಳ್ಕೊಳ್ತಿದ್ದೀನಿ." ಆಮೇಲೆ ಗಂಟಲಲ್ಲಿ ಏಳು ವರ್ಷ ಸಿಕ್ಕಿಕೊಂಡಿದ್ದ ಮಾತು ತಾನಾಗಿ ಹೊರಬಿತ್ತು. "ಅಯ್ಲನಾಯಿನ್."

"ಯಾರಿಗೆ ಹೇಳಿದ್ದು ಅದನ್ನ? ಸೊಸೆಗೋ?"

"ನಿನಗೆ."

"ನನ್ನ ಕೇಡು ನಿನಗೆ ತಗಲಲಿ ಅಂತ ಅದರ ಅರ್ಥ. ನನ್ನ ಕೇಡು ಎಷ್ಟಿದೆ ಗೊತ್ತಾ ಮುದುಕಿ?"

"ಗೊತ್ತಿಲ್ಲ. ಎಷ್ಟಿದ್ರೂ ಸರಿ."

ತೆರ್ಸ್ ಅವಳ ಮುಖವನ್ನು, ಓದು ಬಾರದವರು ಅಕ್ಷರ ನೋಡುವ ಹಾಗೆ, ನೋಡಿದಳು. ಎದೆಯ ಮೇಲಿನ ಉಗುರು ಮೆಲ್ಲಗೆ ಎದ್ದಿತು. "ಮುಷ್ಟಿ ಮುಚ್ಚು" ಎಂದಳು. "ಸೂಜಿ ಅವಳ ಕಣ್ಣಿಗೆ ಬೀಳಬಾರದು. ಇನ್ನೂ ಹೊಡಿ ನನ್ನನ್ನ. ಜೋರಾಗಿ."

ಜೂರಕಾನ್ ಸೂಜಿಯನ್ನು ಮುಷ್ಟಿಯೊಳಗೆ ಅಮುಕಿ, ಇನ್ನೊಂದು ಕೈಯಿಂದ ತೆರ್ಸ್‌ಳ ಬೆನ್ನಿಗೆ ಬಡಿಯುತ್ತ, ಹಾಳಾದವಳೇ, ದರಿದ್ರದವಳೇ ಎಂದು ಬೈಯತೊಡಗಿದಳು. ಅಂಗೈಗೆ ಸೂಜಿ ನೆಟ್ಟು ರಕ್ತ ಜಿನುಗಿತು. ಕರಿಯವಳು ಪೊದೆ ದಾಟಿ ದಡಕ್ಕೆ ಬಂದಳು. ಬಂದವಳಿಗೆ ಒಂದು ಹುಡುಗಾಟ ಹೊಳೆಯಿತು. ಬರಿದೇ ಅದ್ದಿದರೆ ಏನು ಮಜಾ? ಈ ಮುದುಕಿ ತನ್ನ ತಂಗಿಯನ್ನು ಏಳು ವರ್ಷ ತಿರುಗುಮಾತಿನಲ್ಲಿ ಕುಣಿಸಿದ್ದಾಳೆ. ಅದೇ ತಿರುಗುಮಾತಿನಲ್ಲಿ, ಅದೇ ಆಳಿನ ಕೈಯಿಂದ, ಅವಳ ಸೊಸೆಯನ್ನು ಮುಗಿಸಿದರೆ?

ಕರಿಯವಳು ಚೀಲವನ್ನು ತಂಗಿಯ ಕೈಗಿಟ್ಟಳು. ಮುದುಕಿಯ ಕಡೆ ನೋಡುತ್ತ, ಮನುಷ್ಯರ ದನಿಯನ್ನು ಅಣಕಿಸುತ್ತ ಹೇಳಿದಳು: "ತಗೋ ತಂಗಿ. ಇದನ್ನ ನೀರಿಗೆ ಹಾಕಬೇಡ. ಓಡಿಹೋಗಿ ಅವಳಿಗೇ ವಾಪಸ್ ಕೊಟ್ಟುಬಿಡು."

"ಆಗಲಿ ಅಕ್ಕ" ಎಂದಳು ತೆರ್ಸ್.

ಅಂದವಳೇ ಓಡಿದಳು. ಆ ಓಟವನ್ನು ಆ ಹೊಳೆಯ ದಡ ಮತ್ತೆ ಕಾಣಲಿಲ್ಲ. ಹಳದಿ ಕೂದಲು ಬಾವುಟದಂತೆ ಹಿಂದೆ ಹಾರುತ್ತಿತ್ತು. ಕರಿಯವಳ ನಗು ಬಾಯಲ್ಲೇ ಇತ್ತು, ಅರ್ಥವಾಗುವಷ್ಟರಲ್ಲಿ ತೆರ್ಸ್ ಬಯ್ಸಾಲನ ಚಾವಟಿಯ ಕೆಳಗೆ ನುಸುಳಿ ಗುಡಾರದೊಳಗಿದ್ದಳು. ಬಯ್ಸಾಲನ ಹೆಂಡತಿ ಅಡ್ಡ ನಿಲ್ಲಲು ನೋಡಿದಳು, ಹಿಂದಿನಿಂದ ಜೂರಕಾನ್ ಏದುಸಿರು ಬಿಡುತ್ತ ಕೂಗಿದಳು, ಬಿಡು ಅವಳನ್ನ, ಇದು ತಿರುಗುಮಾತಲ್ಲ, ನೇರವಾಗಿ ಹೇಳ್ತಿದ್ದೀನಿ, ಬಿಡು.

ತೆರ್ಸ್ ಚೀಲವನ್ನು ಬಾಯಿಗೆ ಹಾಕಿಕೊಂಡು, ಸೈಕಾಲಳ ತುಟಿಗೆ ತುಟಿಯಿಟ್ಟು ಅದನ್ನು ಒಳಕ್ಕೆ ಊದಿದಳು. ಒಂದು ಸಲ, ಎರಡು ಸಲ. ಮೂರನೆಯದಕ್ಕೆ ಸೈಕಾಲಳ ಎದೆ ಬಿಲ್ಲಿನಂತೆ ಎದ್ದಿತು. ಕೆಮ್ಮಿದಳು. ಉಸಿರೆಳೆದಳು. ಆ ಉಸಿರಿನ ಹಿಂದೆಯೇ ಇಡೀ ಕಣಿವೆಗೆ ಕೇಳುವಂಥ ಒಂದು ಕೂಗು, ಕೂಗಿನ ಹಿಂದೆಯೇ ಮಗು. ಗಳುವಿನ ಬುಡದಲ್ಲಿ ಇದ್ದ ಕೈ ತೆರ್ಸ್‌ಳದು ಮಾತ್ರ, ಹಾಗಾಗಿ ಮಗು ಬಿದ್ದದ್ದು ಆ ಕೈಗೇ. ಹೆಣ್ಣು. ಕೊರಳಿಗೆ ಹೊಕ್ಕುಳಬಳ್ಳಿ ಎರಡು ಸುತ್ತು ಸುತ್ತಿತ್ತು. ಬಯ್ಸಾಲನ ಹೆಂಡತಿ ಕತ್ತಿ ಹುಡುಕುತ್ತಿದ್ದಳು. ಅಲ್ಬಾರ್ಸ್ತಿಗೆ ಕಬ್ಬಿಣ ಮುಟ್ಟಲಾಗದು, ಕಾಯಲೂ ಹೊತ್ತಿರಲಿಲ್ಲ. ತೆರ್ಸ್ ಬಾಗಿ ಬಳ್ಳಿಯನ್ನು ಹಲ್ಲಿನಿಂದ ಕಡಿದಳು.

ಮಗು ಅತ್ತಿತು.

ಬಾಗಿಲಲ್ಲಿ ನೆರಳು ಬಿತ್ತು. ಕರಿಯವಳು ನಿಂತಿದ್ದಳು. ಅವಳ ಮುಖ ನೋಡಲಾಗುತ್ತಿರಲಿಲ್ಲ. ಜೂರಕಾನ್ ಸೊಸೆಗೆ ಅಡ್ಡವಾಗಿ ಕೂತು ಬಾಯಲ್ಲಿ ದೇವರ ಹೆಸರು ಹಿಡಿದಳು.

"ಮೋಸ ಮಾಡಿದೆ" ಎಂದಳು ಕರಿಯವಳು ತಂಗಿಗೆ.

"ಮೋಸ ಎಲ್ಲಿ ಬಂತು? ಕೊಡು ಅಂದೆ, ಕೊಟ್ಟೆ. ನೀರಿಗೆ ಹಾಕಬೇಡ ಅಂದೆ, ಹಾಕಲಿಲ್ಲ. ದೊಡ್ಡವರ ಮಾತು ಮೀರಬಾರದು ಅಂತ ನೀನೇ ಕಲಿಸಿದ್ದು."

ಕರಿಯವಳ ಕೈ ಮಗುವಿನ ಕಡೆ ಚಾಚಿತು. ತೆರ್ಸ್ ರಕ್ತ ಮೆತ್ತಿದ ಬಾಯನ್ನು ತೋಳಿಗೆ ಒರೆಸಿಕೊಂಡು, ಬಯ್ಸಾಲನ ಹೆಂಡತಿಯ ಕಡೆ ತಿರುಗಿ ಕೇಳಿದಳು: "ಹೊಕ್ಕುಳಬಳ್ಳಿ ಕತ್ತರಿಸಿದವಳಿಗೆ ನಿಮ್ಮಲ್ಲಿ ಏನಂತಾರೆ?"

ಅವಳು ಬಾಯಿ ತೆರೆಯುವ ಮೊದಲೇ ಜೂರಕಾನ್ ಹೇಳಿದಳು. ಮೆಲ್ಲಗೆ ಅಲ್ಲ, ಹೊಳೆಯಾಚೆಯ ಬೆಟ್ಟಕ್ಕೆ ಕೇಳುವಂತೆ ಹೇಳಿದಳು: "ಹೊಕ್ಕುಳ ತಾಯಿ ಅಂತಾರೆ. ಹೆತ್ತವಳಾದ ಮೇಲೆ ಅವಳೇ. ಅವಳ ಬಳಗ ಮಗುವಿನ ಬಳಗ. ಬಳಗದವರು ಬಳಗದವರ ರಕ್ತ ಮುಟ್ಟೋ ಹಾಗಿಲ್ಲ, ಮನುಷ್ಯರಾದ್ರೂ ಸರಿ, ನಿಮ್ಮ ಪೈಕಿಯಾದ್ರೂ ಸರಿ."

ಇದು ಆ ಬೆಟ್ಟಗಳಷ್ಟೇ ಹಳೆಯ ಕಟ್ಟಳೆ. ಅಲ್ಬಾರ್ಸ್ತಿಗಳೂ ಅದೇ ಬೆಟ್ಟದವು. ಕರಿಯವಳ ಕೈ ಗಾಳಿಯಲ್ಲಿ ನಿಂತಿತು, ಹಿಂದಕ್ಕೆ ಹೋಯಿತು. "ಹಾಗಾದ್ರೆ ನಾನು ದೊಡ್ಡಮ್ಮ ಆದೆನೋ" ಎಂದು ಕಹಿಯಾಗಿ ಹೇಳಿ, ಕಂಬಳಿ ಕೆಳಗೆ ಬಿಟ್ಟು ಹೊರಟುಹೋದಳು. ಹುಲ್ಲು ಬಾಗುತ್ತ ಬಾಗುತ್ತ ಕಣಿವೆಯ ತುದಿಯವರೆಗೆ ಹೋಗಿ ನೆಟ್ಟಗಾದದ್ದನ್ನು ಬಯ್ಸಾಲ್ ಕೂಡ ನೋಡಿದ. ಆಮೇಲೆ ಅವನು ಚಾವಟಿ ಕೆಳಗಿಟ್ಟು, ಗುಡಾರದ ಹಿಂದೆ ಹೋಗಿ ಒಬ್ಬನೇ ಕೂತು ಅತ್ತ.

ಮೂರನೆಯ ದಿನ ಎಷಿಮ್ ಬಂದ. ಏಳನೆಯ ದಿನ ಮಗುವಿಗೆ ತುರ್ದುಬೂಬು ಎಂದು ಹೆಸರಿಟ್ಟರು, ಅಂದರೆ ಉಳಿದು ನಿಂತವಳು. ಸುದ್ದಿ ಒಂದು ಹುಲ್ಲುಗಾವಲಿನಿಂದ ಇನ್ನೊಂದಕ್ಕೆ ಕುದುರೆಗಿಂತ ಮುಂಚೆ ಹೋಯಿತು.

ಸುದ್ದಿ ಸುಲಭ, ಜೊತೆಯಲ್ಲಿ ಬಾಳುವುದು ಸುಲಭವಲ್ಲ. ಸೂಜಿಯಿಲ್ಲದ ತೆರ್ಸ್ ಎಲ್ಲಿಗೂ ಹೋಗಲಿಲ್ಲ, ಯಾಕೆ ಹೋಗಲಿಲ್ಲ ಎಂದು ಹೇಳಲೂ ಇಲ್ಲ. ಬಾಗಿಲ ಹೊರಗೆ ಅದೇ ಜಾಗದಲ್ಲಿ ಕೂರುತ್ತಿದ್ದಳು. ನೀರು ತರುತ್ತೀಯಾ ಎಂದು ಕೇಳಿದರೆ ಕೆಲವು ಸಲ ತರುತ್ತಿದ್ದಳು, ಕೆಲವು ಸಲ, "ಇವತ್ತು ಮನಸ್ಸಿಲ್ಲ" ಎನ್ನುತ್ತಿದ್ದಳು. ಆ ಮಾತು ಹೇಳುವಾಗ ಅವಳ ಮುಖದಲ್ಲಿ ಒಂದು ಸುಖ ಮೂಡುತ್ತಿತ್ತು. ಸೈಕಾಲ್ ಅವಳ ಎದುರಿಗೆ ಹಾಲೂಡಿಸುತ್ತಿರಲಿಲ್ಲ. ಜೂರಕಾನ್ ಕೂಡ ತೊಟ್ಟಿಲಿಗೂ ಬಾಗಿಲಿಗೂ ನಡುವೆ ತನ್ನ ಹಾಸಿಗೆ ಹಾಕಿಕೊಂಡಿದ್ದಳು. ಒಂದು ಬೆಳಗ್ಗೆ ತೆರ್ಸ್, "ಇನ್ನೂ ಕಾವಲು ಕಾಯ್ತೀಯಾ" ಎಂದು ಕೇಳಿದಳು. ಮುದುಕಿ, ಹೌದು, ಕಾಯ್ತೀನಿ ಎಂದಳು. "ಒಳ್ಳೇದು. ನಾನು ಇನ್ನೂ ಹಸಿದಿದ್ದೀನಿ" ಎಂದಳು ತೆರ್ಸ್. ಇಬ್ಬರೂ ನೇರವಾಗಿಯೇ ಮಾತಾಡಿದ್ದರು. ಅದರಿಂದ ಇಬ್ಬರಿಗೂ ಸ್ವಲ್ಪ ಸಮಾಧಾನವಾಯಿತು.

ನಲವತ್ತನೆಯ ದಿನ ಬಂತು. ಅಂದು ಮಗುವಿಗೆ ನಲವತ್ತು ಚಮಚ ನೀರು ಎರೆಯುತ್ತಾರೆ. ಒಬ್ಬೊಬ್ಬ ಹೆಂಗಸು ಒಂದೊಂದು ಚಮಚ, ಒಂದೊಂದು ಹಾರೈಕೆ. ಸುತ್ತಲಿನ ಹನ್ನೆರಡು ಗುಡಾರಗಳಿಂದ ಹೆಂಗಸರು ಬಂದರು. ಬೋರ್ಸೋಕ್ ರೊಟ್ಟಿ ಕರಿದರು, ಚರ್ಮದ ಚೀಲದಿಂದ ಹುಳಿ ಕುದುರೆಹಾಲು ಬಗ್ಗಿಸಿದರು. ಮೂವತ್ತೊಂಬತ್ತು ಚಮಚ ಎರೆದಾಯಿತು. ನಲವತ್ತನೆಯದು ಹೊಕ್ಕುಳ ತಾಯಿಯದು. ಯಾರೂ ಬಾಗಿಲ ಕಡೆ ನೋಡಲಿಲ್ಲ.

ಜೂರಕಾನ್ ಎದ್ದು ಹೊರಗೆ ಹೋದಳು. ಹೊಸ ನಿಲುವಂಗಿಯನ್ನು ತೆರ್ಸ್‌ಳ ಹೆಗಲಿಗೆ ಹೊದಿಸಿದಳು, ಹೊಕ್ಕುಳ ತಾಯಿಗೆ ಸಲ್ಲಬೇಕಾದ ನಿಲುವಂಗಿ ಅದು. ಕೈಹಿಡಿದು ಒಳಗೆ ಕರೆತಂದಳು. ಸೈಕಾಲ್ ಮಗುವನ್ನು ಎದೆಗೆ ಅವುಚಿಕೊಂಡಿದ್ದಳು. ಅವಳ ಕಣ್ಣು ತೆರ್ಸ್‌ಳ ಬಾಯಿಯ ಮೇಲಿತ್ತು. ಅದೇ ಬಾಯಿಂದ ತನ್ನ ಉಸಿರು ವಾಪಸ್ಸು ಬಂದದ್ದು ಅವಳ ಎದೆಗೆ ನೆನಪಿತ್ತು, ಕೈಗೆ ಮಾತ್ರ ಇನ್ನೂ ಭಯವಿತ್ತು. ಆದರೂ ತಾನೇ ಬಾಗಿ ಮಗುವನ್ನು ತೊಟ್ಟಿಯೊಳಗೆ ಇಳಿಸಿ, ಚಮಚದಲ್ಲಿ ನೀರು ತುಂಬಿ, ಹಿಡಿಯನ್ನು ತೆರ್ಸ್‌ಳ ಕಡೆ ತಿರುಗಿಸಿ ಕೊಟ್ಟಳು.

"ಎರೆಯಿರಿ ಆಪಾ" ಎಂದಳು. ಆಪಾ ಎಂದರೆ ಅಕ್ಕ, ಹಿರಿಯಳು.

ತೆರ್ಸ್ ಚಮಚ ಹಿಡಿದಳು. ನೀರೆಂದರೆ ಅವಳ ಕುಲಕ್ಕೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಹಾರೈಕೆ ಹೇಳಬೇಕು, ಆದರೆ ಅವಳಿಗೆ ಯಾವ ಹಾರೈಕೆಯೂ ಬಾರದು. ಬಂದ ಒಂದೇ ಮಾತನ್ನು, ಹೊಳೆಯ ನಡುವೆ ತನ್ನ ಪಾಲಿಗೆ ಬಂದಿದ್ದ ಮಾತನ್ನು, ತೊದಲುತ್ತ ಹೇಳಿ ನೀರು ಎರೆದಳು.

ತುರ್ದುಬೂಬು ಮೂಗಿಗೆ ನೀರು ಹೋಗಿ ಸೀನಿದಳು. ಸೀನಿ, ಸಿಟ್ಟಿನಿಂದ ಮುಷ್ಟಿ ಬೀಸಿ, ಹಳದಿ ಕೂದಲಿನ ಒಂದು ಎಳೆಯನ್ನು ಹಿಡಿದುಕೊಂಡಳು. ಎಷ್ಟು ಬಿಡಿಸಿದರೂ ಬಿಡಲಿಲ್ಲ. ಮೊದಲು ನಕ್ಕವಳು ಸೈಕಾಲ್. ಆಮೇಲೆ ಹನ್ನೆರಡು ಗುಡಾರಗಳ ಹೆಂಗಸರೂ ನಕ್ಕರು, ಮಗು ಬಾಳಲಿ, ನೂರು ಕಾಲ ಬಾಳಲಿ ಎಂದು ಕೂಗಿದರು, ಹೊರಗೆ ಗಂಡಸರು ಬಂದೂಕು ಹಾರಿಸಿದರು, ಕುದುರೆಗಳು ಕೆನೆದವು. ಆ ಗದ್ದಲದ ನಡುವೆ ಪಕ್ಕದ ಕಣಿವೆಯ ಒಬ್ಬಳು ತುಂಬು ಬಸುರಿ ಜನರನ್ನು ಸರಿಸಿಕೊಂಡು ಬಂದು ತೆರ್ಸ್‌ಳ ಎದುರು ನಿಂತಳು. ಬರುವ ತಿಂಗಳು ನನ್ನ ದಿನ, ಬಂದು ಬಾಗಿಲಲ್ಲಿ ಕಾವಲಿಗೆ ಕೂರ್ತೀರಾ ಎಂದು ಕೇಳಿದಳು.

ತೆರ್ಸ್ ಮಗುವಿನ ಮುಷ್ಟಿಗೆ ತಲೆಬಾಗಿಸಿ ಕೂತಿದ್ದಳು. ತಲೆಯೆತ್ತಲಾಗದೆ ಹಾಗೆಯೇ ಹೇಳಿದಳು.

"ಬರ್ತೀನಿ."